ಹುಣಸೆಹಣ್ಣು, ಹರಳೆಣ್ಣೆ ಮತ್ತು ಒಂದು ಹಳೇ ಹೋಲ್ಸ್ಟರ್

ಮೊದಲೇ ಹೇಳಿಬಿಡುತ್ತೇನೆ. ಈ ಹೋಲ್ಸ್ಟರ್‌ಗೆ, ಅಂದರೆ ಪಿಸ್ತೂಲು ಇಡುವ ತೊಗಲಿನ ಒರೆಗೆ, ಎಂಬತ್ತು ವರ್ಷದಲ್ಲಿ ಆಗದಿದ್ದ ಹಾನಿಯನ್ನು ನಾನು ಎರಡೇ ವಾರದಲ್ಲಿ ಮಾಡಿದೆ. ರಿಪೇರಿ ಈಗ ಮುಗಿದಿದೆ. ಮನೆಗೆ ಬಂದವರು ಕೈಯಲ್ಲಿ ಹಿಡಿದು ಚೆನ್ನಾಗಿದೆ ಅಂತಾರೆ. ಎಲ್ಲೆಲ್ಲಿ ಕೆಡಿಸಿದೆ ಅನ್ನೋದು ನನಗೆ ಗೊತ್ತಲ್ಲ, ಅದು ಮರೆತು ಹೋಗೋಕೆ ಮುಂಚೆ ಬರೆದಿಡುತ್ತಿದ್ದೇನೆ.

ನನ್ನ ಹತ್ತಿರ ಇದು ಹನ್ನೊಂದನೆಯದು. ಗನ್ ಒಂದೂ ಇಲ್ಲ, ಬೇಕೂ ಇಲ್ಲ. ನನಗೆ ಹುಚ್ಚು ಇರೋದು ಕೈಹೊಲಿಗೆಯ ತೊಗಲಿನ ಕೆಲಸದ ಮೇಲೆ. ನಮ್ಮ ಮನೆಯವಳು ಮೊನ್ನೆ, "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ತಾರೆ ಅಂತ ಕೇಳಿದ್ದೆ ಕಣ್ರೀ. ನಿಮ್ಮದು ಹನ್ನೊಂದು ಕುಲಾವಿ ಆಯ್ತು, ಕೂಸಿನ ಸುದ್ದೀನೇ ಇಲ್ಲ" ಅಂದಳು. ಉತ್ತರ ಹೊಳೆಯಲಿಲ್ಲ.

ಇಷ್ಟು ದಿನ ಬರೀ ಕೊಂಡು, ಒರೆಸಿ, ಇಟ್ಟುಕೊಂಡವನು ನಾನು. ಸೂಜಿ ಹಿಡಿದಿದ್ದು ಇದೇ ಮೊದಲು.

ಜೂನ್ 1, ಕೊಂಡದ್ದು

ರಾಬರ್ಟ್‌ಸನ್‌ಪೇಟೆಯ ಒಂದು ಗುಜರಿ ಅಂಗಡಿ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಗುಜರಿಗಳಲ್ಲಿ ಏನೇನೋ ಸಿಕ್ಕಿದೆ, ನನ್ನ ಸಂಗ್ರಹದಲ್ಲಿ ನಾಲ್ಕು ಅಲ್ಲಿಂದಲೇ ಬಂದವು. ಅಂಗಡಿಯವರು "ಇದು ಗಣಿ ಸೆಕ್ಯೂರಿಟಿ ಸಾಹೇಬರದ್ದು ಸಾರ್" ಅಂದರು. ಅವರು ಹಳೇ ಟಾರ್ಚಿಗೂ ಹಾಗೇ ಹೇಳುತ್ತಾರೆ, ಬಿಡಿ. 3,500 ಕೇಳಿದರು, 1,800ಕ್ಕೆ ಕೊಟ್ಟರು.

ಮಾಲು ಇದು: ಮುಚ್ಚಳ ಇರುವ ಕಂದು ಹೋಲ್ಸ್ಟರ್, ಸ್ಯಾಮ್ ಬ್ರೌನ್ ಬೆಲ್ಟಿನ ಜೊತೆ ಹಾಕುತ್ತಿದ್ದ ಬಗೆಯದು. ಆ ಸ್ಯಾಮ್ ಬ್ರೌನ್ ಅನ್ನೋರು 1858ರಲ್ಲಿ ಉತ್ತರ ಭಾರತದ ಕಾಳಗದಲ್ಲಿ ಎಡಗೈ ಕಳೆದುಕೊಂಡ ಬ್ರಿಟಿಷ್ ಅಧಿಕಾರಿ. ಒರೆ ಹಿಡಿದುಕೊಳ್ಳೋಕೆ ಇನ್ನೊಂದು ಕೈ ಇಲ್ಲದೆ ಕತ್ತಿ ಹಿರಿಯೋದು ಕಷ್ಟ, ಅದಕ್ಕೇ ಭುಜದ ಮೇಲಿಂದ ಇಳಿಯುವ ಪಟ್ಟಿ ಇರುವ ಬೆಲ್ಟ್ ಮಾಡಿಸಿಕೊಂಡರಂತೆ. ನಮ್ಮ ಕಡೆ ಸಿಗುವ ಹಳೇ ಹೋಲ್ಸ್ಟರ್‌ಗಳಲ್ಲಿ ಜಾಸ್ತಿ ಈ ಜಾತಿಯವೇ. ಅಮೆರಿಕದಲ್ಲಿ ಕೂಡಿಡೋರಿಗೆ ಬೇರೆ ಲೋಕ. ಟೆಕ್ಸಸ್‌ನ ಎಲ್ ಪಾಸೊದಲ್ಲಿದ್ದ ಎಸ್. ಡಿ. ಮೈರೆಸ್ ಅವರಂಥ ಕುಶಲಕರ್ಮಿಯ ಮುದ್ರೆ ಇದ್ದರೆ ಬೆಲೆಯೇ ಬೇರೆ. ನಮ್ಮ ಜೇಬಿಗೆ ಅದೆಲ್ಲ ಆಗಲ್ಲ.

ಮುದ್ರೆ ಅಂದೆನಲ್ಲ. ಇದರ ಮುಚ್ಚಳದ ಒಳಗಡೆ ಒಂದು ಬಾಣದ ಗುರುತು (ಬ್ರಿಟಿಷ್ ಸರ್ಕಾರದ ಮಾಲಿಗೆ ಒತ್ತುತ್ತಿದ್ದದ್ದು), ಅದರ ಕೆಳಗೆ ನಾಲ್ಕು ಅಂಕಿ, ಮಾಡಿದ ವರ್ಷ ಇರಬೇಕು, ಇದ್ದ ಹಾಗೆ ಕಂಡಿತು. ಮಸುಕು, ಆದರೆ ಇತ್ತು. ಫೋನಲ್ಲಿ ಒಂದೇ ಒಂದು ಫೋಟೋ ತೆಗೆದೆ. ಕೈ ಅಲ್ಲಾಡಿದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಜೂನ್ 2, ನೋಡಿ ಅಳೆದದ್ದು

ತೊಗಲಿನ ದಪ್ಪ 3 ಮಿ.ಮೀ.ಗೆ ಒಂದು ಕೂದಲು ಜಾಸ್ತಿ. ಹಿಂಬದಿಯ ಹೊಲಿಗೆ 24 ಸೆಂ.ಮೀ., ತೂತು 76. ಅಂದರೆ ಇಂಚಿಗೆ 8 ಹೊಲಿಗೆ. ಎರಡೂ ಕಡೆ ಓರೆ ಒಂದೇ ಸಮ, ನೂಲು ಕೂರೋಕೆ ಸಣ್ಣ ಕಾಲುವೆ ಕೆತ್ತಿ ಅದರೊಳಗೆ ಹೊಲಿದಿದ್ದಾರೆ, ಹಾಗಾಗಿ ಉಜ್ಜಿದರೂ ನೂಲು ಸವೆಯೋದಿಲ್ಲ. ನಾನು ಹೋಲ್ಸ್ಟರ್ ಕೊಳ್ಳುವಾಗ ಮೊದಲು ನೋಡೋದು ಇದನ್ನೇ. ಹೊಳಪು ಯಾವನು ಬೇಕಾದರೂ ಹಚ್ಚಬಹುದು. ಹಿಂಬದಿಯ ಹೊಲಿಗೆಯನ್ನು ಮುಂಬದಿಯಷ್ಟೇ ನೀಟಾಗಿ ಮಾಡೋನು ಕೆಲಸ ಬಲ್ಲವನು.

ಹಾಳಾಗಿದ್ದು: ಎರಡು ಪದರದ ನಡುವೆ ಹೊಲಿದಿದ್ದ ತೊಗಲಿನ ಪಟ್ಟಿ (ವೆಲ್ಟ್ ಅಂತಾರೆ) ಪುಡಿಯಾಗಿತ್ತು. ತಳದ ದುಂಡು ಬಿಲ್ಲೆ ಬಿದ್ದುಹೋಗಿತ್ತು. ಬಾಯಿಯ ಹತ್ತಿರ ಯಾರೋ ನೈಲಾನ್ ದಾರದಲ್ಲಿ ರಿಪೇರಿ ಮಾಡಿದ್ದರು, ಅದು ಚಾಕುವಿನ ಹಾಗೆ ತೊಗಲು ಕೊಯ್ದು ಒಂಬತ್ತು ತೂತನ್ನು ಒಂದಕ್ಕೊಂದು ಸೇರಿಸಿಬಿಟ್ಟಿತ್ತು. ಮುಚ್ಚಳ ಮಡಚುವ ಜಾಗದಲ್ಲಿ ಕೈಯಿಟ್ಟರೆ ಇಟ್ಟಿಗೆ ಪುಡಿಯಂಥ ಕೆಂಪು ಪುಡಿ. ಹಳೇ ತೊಗಲು ಒಳಗಿಂದ ಸಾಯುವ ಲಕ್ಷಣ ಅದು, ವಾಪಸ್ ಬರಲ್ಲ.

ತೊಗಲು ತೊಳೆಯುವ ಸ್ಯಾಡಲ್ ಸೋಪ್ ತರಿಸಿದ್ದೆ, 390 ರೂಪಾಯಿ. ಸ್ಪಂಜಿನಲ್ಲಿ ನೊರೆ ಮಾತ್ರ ತೆಗೆದುಕೊಂಡು ಒರೆಸಿದೆ. ಕೊಳೆ ಹೋಯಿತು, ಬಣ್ಣ ಉಳಿಯಿತು. ಇಲ್ಲಿಗೇ ನಿಲ್ಲಿಸಿದ್ದರೆ ಆಗಿತ್ತು.

ಜೂನ್ 3, ಹುಣಸೆಹಣ್ಣು

ಮುಚ್ಚಳ ಸಿಕ್ಕಿಸುವ ಹಿತ್ತಾಳೆ ಗುಂಡಿಯ ಸುತ್ತ ಹಸಿರು ಕಿಲುಬು, ಮೇಣದ ಹಾಗೆ ಮೆತ್ತಿಕೊಂಡಿತ್ತು. ಅದನ್ನು ಬಿದಿರುಕಡ್ಡಿಯಲ್ಲಿ ಕೆರೆದು ತೆಗೆಯಬೇಕು, ಅಷ್ಟೆ. ನನಗೆ ಹಿತ್ತಾಳೆ ಅಂದ ಕೂಡಲೇ ಅಡುಗೆಮನೆಯ ಬುದ್ಧಿ ಓಡಿತು. ಹುಣಸೆಹಣ್ಣು ಕಿವುಚಿ, ಉಪ್ಪು ಸೇರಿಸಿ ತಿಕ್ಕಿದೆ. ಗುಂಡಿ ಫಳಫಳ ಅಂತು. ಹತ್ತು ನಿಮಿಷಕ್ಕೆ ಅದರ ಸುತ್ತ ಎರಡು ರೂಪಾಯಿ ನಾಣ್ಯದಷ್ಟು ಅಗಲ ಶಾಯಿ ಚೆಲ್ಲಿದ ಹಾಗೆ ಕಪ್ಪು ಹರಡಿತು.

ಗುಂಡಿ ಹಿತ್ತಾಳೆ, ಅದರ ಕೆಳಗಿನ ವಾಷರ್ ಕಬ್ಬಿಣ. ಹುಳಿ ಕಬ್ಬಿಣವನ್ನು ಕರಗಿಸಿ ತೊಗಲಿಗೆ ಇಳಿಸಿತು, ಮರದ ತೊಗಟೆಯಲ್ಲಿ ಹದ ಮಾಡಿದ ತೊಗಲಿಗೆ ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ. ಹಿಂದೆ ಶಾಯಿ ಮಾಡುತ್ತಿದ್ದುದೂ ಹೀಗೇ ಅಲ್ವಾ.

ಜೂನ್ 5, ನಿಂಬೆಹಣ್ಣು

ಕಪ್ಪು ತೆಗೆಯೋಕೆ ನಿಂಬೆರಸಕ್ಕೆ ಅಷ್ಟೇ ನೀರು ಬೆರೆಸಿ, ಹತ್ತಿಯಲ್ಲಿ ಒತ್ತಿ, ಮೇಲೆ ಬರೀ ನೀರಿನ ಬಟ್ಟೆ. ಮೂರು ಸಲ. ಕಪ್ಪು ಹೋಗಿ ಕಂದು ಆಯಿತು. ಪೂರ್ತಿ ಹೋಗಿಲ್ಲ, ಹತ್ತಿರದಿಂದ ನೋಡಿದರೆ ಉಂಗುರ ಕಾಣುತ್ತದೆ. ಈ ಸಲ ಮೊದಲೇ ವಾಷರ್‌ಗೆ ಮೇಣ ಹಚ್ಚಿದೆ. ಅಷ್ಟು ಬುದ್ಧಿ ಬಂದಿತ್ತು.

ಜೂನ್ 8, ಹರಳೆಣ್ಣೆ

ಇದು ದೊಡ್ಡ ತಪ್ಪು.

ತೊಗಲು ಒಣಗಿದೆ, ಎಣ್ಣೆ ಬೇಕು ಅನ್ನಿಸಿತು. ಅಮ್ಮನನ್ನು ಕೇಳಿದೆ. "ನಿಮ್ ತಾತ ಮೆಟ್ಟಿಗೆ ಹರಳೆಣ್ಣೆ ಹಚ್ತಿದ್ರು, ಮೂರು ವರ್ಷ ಬರೋದು" ಅಂದರು. ಅಮ್ಮನ ಮಾತಿನಲ್ಲಿ ತಪ್ಪಿಲ್ಲ. ಮೆಟ್ಟು ಮೆತ್ತಗಿರಬೇಕು, ಕಾಲು ಕಚ್ಚಬಾರದು, ನೀರು ಕುಡಿಯಬಾರದು. ಹೋಲ್ಸ್ಟರ್ ಸೆಟೆದು ನಿಲ್ಲಬೇಕು, ಖಾಲಿ ಇದ್ದರೂ ಆಕಾರ ಬಿಡಬಾರದು. ಈ ಯೋಚನೆ ನನಗೆ ಬಂದದ್ದು ಮೂರು ಸಲ ಎಣ್ಣೆ ಹಚ್ಚಿ, ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಎತ್ತಿಕೊಂಡಾಗ. ಹಳೇ ತೊಗಲು ಬಾಯಾರಿದವನ ಹಾಗೆ ಎಲ್ಲವನ್ನೂ ಕುಡಿದು ಬಾಳೆಹಣ್ಣಿನ ಸಿಪ್ಪೆಯ ಹಾಗೆ ಜೋತುಬಿದ್ದಿತ್ತು. ಬಣ್ಣ ಬೆಲ್ಲದಿಂದ ಕಾಫಿ ಡಿಕಾಕ್ಷನ್‌ಗೆ ಇಳಿದಿತ್ತು. ಕೆಂಪು ಪುಡಿ ಇದ್ದ ಜಾಗ ಕೆಸರಾಗಿತ್ತು.

ಮುಚ್ಚಳ ಎತ್ತಿ ನೋಡಿದೆ. ಬಾಣವೂ ಇಲ್ಲ, ಅಂಕಿಯೂ ಇಲ್ಲ. ಎಲ್ಲ ಕಪ್ಪು. ಅವತ್ತು ಅಂಗಡಿಗೂ ಹೋಗದೆ ಸುಮ್ನೆ ಕೂತಿದ್ದೆ.

ಜೂನ್ 9ರಿಂದ 20, ಎಣ್ಣೆ ಹೀರಿಸಿದ್ದು

ಅಗಲದ ಡಬ್ಬಿಯಲ್ಲಿ ಕಾರ್ನ್‌ಫ್ಲೋರ್ ಹಾಸಿ, ಹೋಲ್ಸ್ಟರ್ ಹೂತು, ಒಳಗೂ ತುಂಬಿ ಮುಚ್ಚಿಟ್ಟೆ. ಮೂರು ದಿನಕ್ಕೊಮ್ಮೆ ಹಿಟ್ಟು ಬದಲು. ಮೊದಲ ಸಲ ಹಿಟ್ಟು ಉಂಡೆಕಟ್ಟಿ ಹಳದಿಯಾಗಿತ್ತು, ನಾಲ್ಕನೆಯ ಸಲಕ್ಕೆ ಹೆಚ್ಚುಕಡಿಮೆ ಒಣಗಿಯೇ ಬಂತು. ನಡುವೆ ಒಂದು ದಿನ ಮುಚ್ಚಳ ಸರಿಯಾಗಿ ಹಾಕದೆ ಇರುವೆ ಸಾಲುಗಟ್ಟಿದವು. ಹಿಟ್ಟು ಮನೆಯದೇ, ಲೆಕ್ಕಕ್ಕೆ ಹಿಡಿದಿಲ್ಲ. ಮನೆಯವಳು ಹಿಡಿದಿದ್ದಾಳೆ.

ಅರ್ಧ ಬಿಗಿ ವಾಪಸ್ ಬಂತು. ಇದಾದ ಮೇಲೆ ನೀಟ್ಸ್‌ಫುಟ್ ಆಯಿಲ್ ತರಿಸಿದೆ, ದನದ ಕಾಲಿನಿಂದ ತೆಗೆಯುವ ಎಣ್ಣೆ, ಕುದುರೆ ಜೀನಿಗೆ ಹಚ್ಚುವವರು ಇದನ್ನೇ ಹೊಗಳುತ್ತಾರೆ. 100 ಎಂ.ಎಲ್.ಗೆ 420 ರೂಪಾಯಿ. ಒಂದು ಚಮಚ ಬಳಸಿದೆ. ಮಿಕ್ಕಿದ್ದು ಬಾಟಲಿಯಲ್ಲೇ ಇದೆ, ಎಣ್ಣೆ ಕುಡಿದು ಮಲಗಿದವನಿಗೆ ಮತ್ತೆ ಎಣ್ಣೆ ಯಾಕೆ.

ಜೂನ್ 22, ತಪ್ಪು ತೊಗಲು

ವೆಲ್ಟ್ ಪಟ್ಟಿಗೂ ತಳದ ಬಿಲ್ಲೆಗೂ ಹೊಸ ತೊಗಲು ಬೇಕು. ಇಲ್ಲೇ ಬ್ಯಾಗ್ ರಿಪೇರಿ ಸಾಮಾನಿನ ಅಂಗಡಿಯಲ್ಲಿ ಕಂದು ತುಂಡು ತಂದೆ, 260 ರೂಪಾಯಿ. ಕತ್ತರಿಸಿದರೆ ಅಂಚು ನೀಲಿ ಬೂದು. ಕ್ರೋಮ್ ಲೆದರ್, ಅಂದರೆ ತೊಗಟೆಯ ಬದಲು ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡಿದ್ದು. ಜಾಕೆಟ್ಟಿಗೆ ಚೆನ್ನ. ನೆನೆಸಿ ಆಕಾರ ಕೊಟ್ಟರೆ ನಿಲ್ಲೋದಿಲ್ಲ, ಅಂಚು ಉಜ್ಜಿದರೆ ನಯವಾಗೋದಿಲ್ಲ. ಕೊಳ್ಳೋಕೆ ಮುಂಚೆ ಒಂದು ಹನಿ ನೀರು ಬಿಟ್ಟು ನೋಡಬೇಕಿತ್ತು. ತೊಗಟೆಯಲ್ಲಿ ಹದ ಮಾಡಿದ್ದು ನೀರು ಹೀರಿ ಕಪ್ಪಾಗುತ್ತೆ, ಬಣ್ಣ ಬಳಿದ ಕ್ರೋಮ್ ಮೇಲೆ ಹನಿ ಹಾಗೇ ನಿಲ್ಲುತ್ತೆ. ಅಂಚನ್ನಾದರೂ ನೋಡಬೇಕಿತ್ತು. ಎರಡೂ ಮಾಡಲಿಲ್ಲ.

ತೊಗಟೆಯಲ್ಲಿ ಹದ ಮಾಡಿದ್ದಕ್ಕೆ ವೆಜ್ ಟ್ಯಾನ್ ಅಂತಾರೆ. ನಮಗೆ ಬೇಕಾದ್ದು ವೆಜ್ ಟ್ಯಾನ್ ಅಂತ ಫೋನಲ್ಲಿ ಯಾರಿಗೋ ಹೇಳುತ್ತಿದ್ದೆ. ಅಮ್ಮ ಕೇಳಿಸಿಕೊಂಡು, "ಚರ್ಮದಲ್ಲೂ ವೆಜ್ಜು ನಾನ್‌ವೆಜ್ಜು ಬಂತಾ?" ಅಂದರು.

ಜೂನ್ 28, ಆಂಬೂರು

ಬಂಗಾರಪೇಟೆಯಿಂದ ರೈಲು. ಕುಪ್ಪಂ, ಜೋಲಾರ್‌ಪೇಟೆ, ವಾಣಿಯಂಬಾಡಿ ದಾಟಿದರೆ ಆಂಬೂರು. ಹೋಗಿಬರೋಕೆ 160 ರೂಪಾಯಿ. ಪಾಲಾರ್ ಪಕ್ಕದ ಈ ಊರುಗಳೆಲ್ಲ ತೊಗಲಿನ ಊರುಗಳು. ಹಳೇ ಕಾಲದಲ್ಲಿ ಈ ಸೀಮೆಯಲ್ಲಿ ಹದ ಮಾಡುತ್ತಿದ್ದುದು ತಂಗಡಿ ತೊಗಟೆಯಲ್ಲಿ, ಕೊನೆಗೆ ಅಳಲೆಕಾಯಿ. ಕೋಲಾರದಿಂದ ಮುಳಬಾಗಿಲಿಗೆ ಹೋಗುವಾಗ ರಸ್ತೆ ಪಕ್ಕ ಹಳದಿ ಹೂ ಬಿಟ್ಟುಕೊಂಡು ನಿಂತಿರುತ್ತಲ್ಲ, ಅದೇ ತಂಗಡಿ. ಅಷ್ಟು ವರ್ಷ ಅದನ್ನು ಬರೀ ಗಿಡ ಅಂದುಕೊಂಡು ಓಡಾಡಿದ್ದೇನೆ.

ಮೊದಲ ಎರಡು ಅಂಗಡಿಯಲ್ಲಿ ಅರ್ಧ ಚರ್ಮಕ್ಕಿಂತ ಕಡಿಮೆ ಕೊಡಲ್ಲ ಅಂದರು. ಮೂರನೆಯ ಕಡೆ ಬೆಲ್ಟಿಗೆ ಕೊಯ್ದು ಮಿಕ್ಕಿದ ಎಮ್ಮೆ ತೊಗಲಿನ ತುಂಡು ಸಿಕ್ಕಿತು, ಎರಡು ಚದರ ಅಡಿ, 3 ಮಿ.ಮೀ. ದಪ್ಪ, 450 ರೂಪಾಯಿ. ಈ ಸಲ ಅಂಗಡಿಯಲ್ಲೇ ಬೆರಳು ಒದ್ದೆ ಮಾಡಿ ಒತ್ತಿ ನೋಡಿದೆ. ಕಪ್ಪಾಯಿತು, ಉಗುರಿನ ಗುರುತು ನಿಂತಿತು. ತಂದೆ.

ಜುಲೈ 6, ಮರದ ಪಿಸ್ತೂಲು

ಹೊಲಿಯುವಾಗ ಒಳಗೆ ಏನಾದರೂ ತುಂಬಿರಬೇಕು, ಇಲ್ಲದಿದ್ದರೆ ಆಕಾರ ಕೆಡುತ್ತೆ. ಪರಿಚಯದ ಆಚಾರರ ಹತ್ತಿರ ಸಿಲ್ವರ್ ಓಕ್ ತುಂಡಿನಲ್ಲಿ ಡಮ್ಮಿ ಕೆತ್ತಿಸಿದೆ, 200 ರೂಪಾಯಿ. ಗುಜರಿಯವರ "ಸಾಹೇಬರದ್ದು" ಅನ್ನೋ ಮಾತು ನಂಬಿ, ದೊಡ್ಡದೇ ಇರಬೇಕು ಅಂತ ವೆಬ್ಲಿ ಮಾರ್ಕ್ 6 ಅನ್ನೋ ರಿವಾಲ್ವರಿನ ಅಳತೆ ಕೊಟ್ಟಿದ್ದೆ, ಅದರ ನಳಿಕೆ 6 ಇಂಚು. ಒಳಗೆ ಹೋಗಲೇ ಇಲ್ಲ, ಮುಚ್ಚಳ ಒಂದು ಇಂಚು ಮೇಲೆ ನಿಂತಿತು. ಅಂದರೆ ಇದು 5 ಇಂಚು ನಳಿಕೆಯ .38 ರಿವಾಲ್ವರಿನದು. ವಾಪಸ್ ಹೋದೆ. ಆಚಾರರು ಒಂದು ಇಂಚು ಕೊಯ್ದು, ಉಜ್ಜಿ, "ಹೋದ ಸಲವೇ ಅಳತೆ ತಂದಿದ್ರೆ ಆಗ್ತಿತ್ತಲ್ಲ ಸ್ವಾಮಿ" ಅಂದರು. ದುಡ್ಡು ಮತ್ತೆ ಕೇಳಲಿಲ್ಲ.

ಡಮ್ಮಿ ಚೀಲದಲ್ಲಿ ಹಾಕಿಕೊಂಡು ಬಸ್ಸಲ್ಲಿ ಬರುವಾಗ ಹಿಡಿ ಹೊರಗೆ ಕಾಣುತ್ತಿತ್ತು. ಪಕ್ಕದಲ್ಲಿ ಕೂತವರು ಮೆಲ್ಲಗೆ ಎದ್ದು ಹಿಂದಿನ ಸೀಟಿಗೆ ಹೋದರು.

ಜುಲೈ 12, ತಾತನ ಪಾಠ

ಇಷ್ಟರಲ್ಲಿ ಆನ್‌ಲೈನಲ್ಲಿ ಹೊಲಿಗೆ ತೂತು ಹಾಕುವ ನಾಲ್ಕು ಹಲ್ಲಿನ ಚಾಣ ತರಿಸಿದ್ದೆ, 650 ರೂಪಾಯಿ, ಹಲ್ಲಿನ ಅಂತರ 4 ಮಿ.ಮೀ. ಹಳೇ ತೂತುಗಳ ಅಂತರ 3.2 ಮಿ.ಮೀ. ಆಸುಪಾಸು. ಹೊಸ ತೂತು ಹಾಕಿದ್ದರೆ ತೊಗಲು ಅಂಚೆಚೀಟಿಯ ಹಾಗೆ ಹರಿದು ಬರುತ್ತಿತ್ತು. ಹಳೇ ವಸ್ತು ರಿಪೇರಿ ಅಂದರೆ ಹಳೇ ತೂತಲ್ಲೇ ಹೊಲಿಯಬೇಕು. ಚಾಣ ಪೆಟ್ಟಿಗೆಯಿಂದ ಹೊರಗೆ ಬರಲಿಲ್ಲ.

ಬಸ್ ಸ್ಟ್ಯಾಂಡಿನ ಹತ್ತಿರ ಚಪ್ಪಲಿ ಹೊಲಿಯುವ ತಾತ ಒಬ್ಬರಿದ್ದಾರೆ. ಹೋಲ್ಸ್ಟರ್ ಕೊಟ್ಟೆ. ತಿರುಗಿಸಿ ಹಿಂಬದಿಯ ತೂತುಗಳ ಮೇಲೆ ಹೆಬ್ಬೆರಳು ಆಡಿಸಿ, "ಯಾರೋ ಗೊತ್ತಿರೋನು ಮಾಡವ್ನೆ" ಅಂದರು. ಆಮೇಲೆ ಮೂಸಿ ನೋಡಿ, "ಎಣ್ಣೆ ಯಾರು ಕುಡಿಸಿದ್ದು?" ನಾನು ಮಾತಾಡಲಿಲ್ಲ.

ಎರಡು ಸೂಜಿ, ಒಂದೇ ನೂಲು. ಎರಡೂ ಸೂಜಿ ಒಂದೇ ತೂತಿನಲ್ಲಿ ಎದುರುಬದುರು ಹಾಯಬೇಕು. ಒಂದು ಕಡೆ ಕಿತ್ತರೂ ಇನ್ನೊಂದು ಹಿಡಿದಿರುತ್ತೆ. ಮೆಷಿನ್ ಹೊಲಿಗೆಯಲ್ಲಿ ಒಂದು ಕಡೆ ಹೋದರೆ ಸಾಲೇ ಬಿಚ್ಚಿಕೊಳ್ಳುತ್ತೆ. ತಾತ ಮೊದಲ ಒಂದು ಇಂಚು ಬೇರೆ ತುಂಡಿನ ಮೇಲೆ ಹೊಲಿದು ತೋರಿಸಿದರು. ಎರಡನೆಯ ಸೂಜಿ ಹಾಕುವಾಗ ನಾನು ಮೊದಲಿನ ನೂಲಿಗೇ ಚುಚ್ಚುತ್ತಿದ್ದೆ. "ನೂಲಿಗೆ ಚುಚ್ಬೇಡಪ್ಪ, ತೂತಿಗೆ ಚುಚ್ಚು" ಅಂದರು. ನನ್ನ ಸೂಜಿಗಳ ಮೊನೆಯನ್ನು ಕಲ್ಲಿಗೆ ಉಜ್ಜಿ ಮೊಂಡು ಮಾಡಿಕೊಟ್ಟರು. ಇನ್ನೊಂದು ಮಾತು: "ಬಿಗಿ ಮಾಡು, ಕೊಯ್ಯಬೇಡ." ಒಂದೂವರೆ ಗಂಟೆ ಕೂರಿಸಿಕೊಂಡಿದ್ದರು. 150 ಕೊಟ್ಟೆ, ಅದು ಕಡಿಮೆಯೇ.

ಜುಲೈ 13 ಮತ್ತು 20, ಹೊಲಿಗೆ

0.8 ಮಿ.ಮೀ. ಪಾಲಿಯೆಸ್ಟರ್ ನೂಲು 180, ಸೂಜಿ 60, ಜೇನುಮೇಣ 100, ಸೊಲ್ಯೂಷನ್ (ಚಪ್ಪಲಿ ಅಂಟು) 90. ನೂಲಿಗೆ ಮೇಣ ಎಳೆದೆ. ಹಳೆಯದು ಸೆಣಬಿನಂಥ ನಾರಿನ ನೂಲು, ಅದೇ ಹಾಕಬೇಕಿತ್ತು, ಸಿಗಲಿಲ್ಲ.

ಕೂಡಿಕೊಂಡ ಒಂಬತ್ತು ತೂತಿಗೆ ಒಳಗಿನಿಂದ 1 ಮಿ.ಮೀ.ಗೆ ತೆಳ್ಳಗೆ ಹೆರೆದ ತೊಗಲಿನ ತೇಪೆ ಅಂಟಿಸಿದೆ. ವೆಲ್ಟ್ ಪಟ್ಟಿ 10 ಮಿ.ಮೀ. ಅಗಲ. ಅದನ್ನು ನಡುವೆ ಇಟ್ಟು, ಸೊಲ್ಯೂಷನ್ ತೆಳ್ಳಗೆ ಹಚ್ಚಿ, ಹಳೇ ತೂತಿನ ಮೂಲಕವೇ ಚುಚ್ಚಿ ತೂತು ಮಾಡುತ್ತಾ ಹೋದೆ. ಆ ಕಡೆಯ ತೂತಲ್ಲೇ ಹೊರಬರಬೇಕು. ಹತ್ತರಲ್ಲಿ ಮೂರು ತಪ್ಪಿತು. ಹೊಲಿಗೆಗಿಂತ ಈ ಚುಚ್ಚುವ ಕೆಲಸಕ್ಕೇ ಜಾಸ್ತಿ ಹೊತ್ತು ಹಿಡಿಯಿತು.

ನೂಲಿನ ಉದ್ದ ಹೊಲಿಗೆಯ ನಾಲ್ಕರಷ್ಟು ಅಂತ ಎಲ್ಲೋ ಓದಿದ್ದೆ. 24 ಸೆಂ.ಮೀ.ಗೆ 1 ಮೀಟರ್ ಕತ್ತರಿಸಿಕೊಂಡೆ. 10 ಸೆಂ.ಮೀ. ಹೊಲಿಯುವಷ್ಟರಲ್ಲಿ ಮುಗಿಯಿತು. ಆ ಲೆಕ್ಕ ಪರ್ಸಿನಂಥ ತೆಳು ಕೆಲಸಕ್ಕೆ. ಇಲ್ಲಿ ಮೂರು ಪದರ ಸೇರಿ 9 ಮಿ.ಮೀ. ದಪ್ಪ, ಹೊಲಿಗೆ 3.2 ಮಿ.ಮೀ. ಹಾಗಾಗಿ ಪ್ರತಿ ಹೊಲಿಗೆಗೆ ಒಂದೊಂದು ಸೂಜಿಯೂ 12 ಮಿ.ಮೀ. ನೂಲು ತಿನ್ನುತ್ತೆ. ಎಂಟರಷ್ಟು ಬೇಕು, ಮೇಲೆ ಸೂಜಿಗೆ ಒಂದು ಗೇಣು. ಬಿಚ್ಚಿ, 2.25 ಮೀಟರ್ ತೆಗೆದುಕೊಂಡು ಮುಂದಿನ ಭಾನುವಾರ ಮೊದಲಿನಿಂದ ಹೊಲಿದೆ. 76 ತೂತಿಗೆ ನಾಲ್ಕು ಗಂಟೆ. ಮುಂಬದಿ ಪರವಾಗಿಲ್ಲ. ಹಿಂಬದಿಯಲ್ಲಿ ಓರೆ ಅಲ್ಲಲ್ಲಿ ಕುಡಿದವನ ಹೆಜ್ಜೆ.

ಜುಲೈ 27, ತಳದ ಬಿಲ್ಲೆ

38 ಮಿ.ಮೀ. ದುಂಡಗೆ ಕತ್ತರಿಸಿ, ನೀರಲ್ಲಿ ನೆನೆಸಿ, ಬಟ್ಟಲಿನ ಹಾಗೆ ಅಂಚು ಮಡಚಬೇಕು. ಬೇಗ ಆಗಲಿ ಅಂತ ಕಾಫಿ ಕುದಿಸಿದ ಹಾಗೆ ಬಿಸಿಯಿದ್ದ ನೀರಿಗೆ ಹಾಕಿದೆ. ಸುರುಟಿಕೊಂಡು ಅಪ್ಪಳ ಆಯಿತು. ಎರಡನೆಯದು ಉಗುರುಬೆಚ್ಚಗಿನ ನೀರಲ್ಲಿ ಚೆನ್ನಾಗೇ ಬಂತು, ಮಹಡಿ ಬಿಸಿಲಿಗೆ ಇಟ್ಟೆ, ಒಂದು ಗಂಟೆಯಲ್ಲಿ ಅಂಚು ಬಿರುಕು. ಮೂರನೆಯದನ್ನು ನೆರಳಲ್ಲಿ ಒಂದು ದಿನ ಪೂರ್ತಿ ಬಿಟ್ಟೆ. ಅದೇ ಈಗ ಇರೋದು. ಹಳೇ ಮೈಯನ್ನು ನೆನೆಸೋಕೆ ಹೋಗಲಿಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಡಮ್ಮಿ ತುಂಬಿ, ಎರಡು ದಿನ ನೆರಳಲ್ಲಿ ತೂಗುಹಾಕಿದೆ. ಸ್ವಲ್ಪ ಸೆಟೆಯಿತು.

ಆಗಸ್ಟ್ 3, ಅಂಚು ಮತ್ತು ಲೆಕ್ಕ

ಅಂಚಿಗೆ ಹುಣಸೆಬೀಜದ ಅಂಟು ಹಚ್ಚಿ ಉಜ್ಜೋಣ ಅನ್ನಿಸಿತು, ಕಂಬಳಿಗೆ ಹಾಕುತ್ತಾರಲ್ಲ ಅದು. ಹುಣಸೆ ಹೆಸರು ಕೇಳಿಯೇ ಭಯವಾಗಿ ಮೊದಲು ಚೂರಿನ ಮೇಲೆ ನೋಡಿದೆ. ಹೊಳಪು ಬಂತು, ವಾರದಲ್ಲಿ ಬೂಷ್ಟೂ ಬಂತು. ಕೊನೆಗೆ ಬರೀ ನೀರು, ಜೇನುಮೇಣ, ಒಂದು ಒರಟು ಬಟ್ಟೆ.

ಒಟ್ಟು 4,910 ರೂಪಾಯಿ. ಅದರಲ್ಲಿ ಕ್ರೋಮ್ ತುಂಡು, ಚಾಣ, ಎಣ್ಣೆ ಬಾಟಲಿ ಸೇರಿ 1,330 ದಂಡ. ಈಗ ಒಳಗೆ ಹಳೇ ಬಿಳಿ ಪಂಚೆಯ ತುಂಡು ತುಂಬಿ ಬಟ್ಟೆ ಚೀಲದಲ್ಲಿಟ್ಟಿದ್ದೇನೆ. ಪ್ಲಾಸ್ಟಿಕ್ ಕವರ್ ಬೇಡ, ಬೆವರುತ್ತೆ. ಗುಂಡಿ ಇನ್ನೂ ಸಡಿಲ, ವಾಷರ್ ಬದಲಿಸಬೇಕು, ಈ ಸಲ ಹಿತ್ತಾಳೆಯದು.

ಆಗಸ್ಟ್ 10, ಟಾರ್ಚು

ರಾತ್ರಿ ಕರೆಂಟ್ ಹೋಗಿತ್ತು. ಫೋನ್ ಟಾರ್ಚನ್ನು ಮುಚ್ಚಳದ ಒಳಗೆ ಅಡ್ಡ ಹಿಡಿದೆ, ನೇರ ಅಲ್ಲ, ತೊಗಲಿಗೆ ತಾಗಿಸಿ ಪಕ್ಕದಿಂದ. ಬಣ್ಣ ಕಪ್ಪಾದರೂ ಒತ್ತಿದ ಗುಣಿ ಹೋಗಿರಲಿಲ್ಲ, ನೆರಳು ಬಿತ್ತು. ಬಾಣ ಕಂಡಿತು. ಅದರ ಕೆಳಗೆ 1, 9, 4. ಕೊನೆಯ ಅಂಕಿ ಎಣ್ಣೆ ಕುಡಿದು ಉಬ್ಬಿದ ಜಾಗದಲ್ಲೇ ಇದೆ. ನನಗೆ 7 ಕಾಣುತ್ತೆ. ಮನೆಯವಳು 1 ಅಂತಾಳೆ. ಅಮ್ಮ ಕನ್ನಡಕ ಹಾಕಿಕೊಂಡು ನೋಡಿ, "ಇದ್ರಲ್ಲಿ ಏನಿದೆ ಅಂತ ನೋಡ್ತಿದ್ದೀರಾ?" ಅಂದರು.